ಇಂಟರ್ನ್ ತಡವರಿಸುವಾಗ: ಫಿಸಿಯೋಥೆರಪಿ ವಿದ್ಯಾರ್ಥಿಗಳ ವೃತ್ತಿಯೋಗ್ಯತೆ ಮತ್ತು ಮೇಲ್ವಿಚಾರಕರ ಹೊಣೆ

(ಫಿಸಿಯೋಥೆರಪಿ ಕ್ಲಿನಿಕಲ್ ಮೇಲ್ವಿಚಾರಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಬಹಳಷ್ಟು ಜನ ಒಂದು ಕಡೆ ವಾರ್ಡು, ಒಪಿಡಿ ನೋಡಿಕೊಳ್ಳುತ್ತ ಇನ್ನೊಂದು ಕಡೆ ಬಿಪಿಟಿ (ಫಿಸಿಯೋಥೆರಪಿ ಪದವಿ) ಇಂಟರ್ನ್‌ಗಳಿಗೆ ಕೆಲಸ ಕಲಿಸುವವರು. ಹೆಚ್ಚಿನ ಇಂಟರ್ನ್‌ಗಳು ಮೊದಲ ವಾರ ತಡವರಿಸುತ್ತಾರೆ, ಎರಡನೇ ವಾರಕ್ಕೆ ಕೈ ಕುದುರುತ್ತದೆ. ಅವರ ಬಗ್ಗೆ ಚಿಂತೆ ಬೇಡ. ಇವತ್ತಿನ ಮಾತು ಬ್ಯಾಚಿಗೆ ಒಬ್ಬಿಬ್ಬರಂತೆ ಬರುವ, ಮೂರನೇ ವಾರಕ್ಕೂ ಅದೇ ತಪ್ಪು ಮಾಡುವ, ಅಥವಾ ತಪ್ಪನ್ನು ಮುಚ್ಚಿಡುವ, ಅಥವಾ ಇದ್ದಕ್ಕಿದ್ದಂತೆ ಮಂಕಾಗಿಬಿಡುವ ವಿದ್ಯಾರ್ಥಿಗಳ ಬಗ್ಗೆ. ಇವರನ್ನು ರೋಗಿಯ ಹತ್ತಿರ ಒಬ್ಬರೇ ಬಿಡಬಹುದೇ ಎಂಬ ಅನುಮಾನ ನಮಗೆಲ್ಲ ಬರುತ್ತದೆ. ಬಂದ ಅನುಮಾನವನ್ನು ಬಾಯಿ ಬಿಟ್ಟು ಹೇಳುವುದು ಕಡಿಮೆ. ಸ್ಟಾಫ್ ರೂಮಿನಲ್ಲಿ ಹೇಳುತ್ತೇವೆ, ವಿದ್ಯಾರ್ಥಿಗೆ ಮಾತ್ರ ಹೇಳುವುದಿಲ್ಲ.

ನಮ್ಮ ಇಡೀ ಮಾತು ನಿಂತಿರುವುದು ಒಂದು ಕೆಲಸದ ಮೇಲೆ. ಕಂಡದ್ದನ್ನು ಕಂಡ ದಿನವೇ ವಿದ್ಯಾರ್ಥಿಗೆ ಹೇಳಬೇಕು, ಅದೇ ದಿನ ಬರೆದಿಡಬೇಕು. ಉಳಿದದ್ದೆಲ್ಲ ಇದನ್ನು ಹೇಗೆ ಮಾಡುವುದು ಎಂಬ ವಿವರ.

ವೃತ್ತಿಯೋಗ್ಯತೆ ಎಂದಾಗ ಏನೇನು ನೋಡಬೇಕು

ಬ್ರಿಟನ್ನಿನಲ್ಲಿ ಫಿಸಿಯೋಥೆರಪಿಸ್ಟರ ನೋಂದಣಿ ನೋಡಿಕೊಳ್ಳುವ ಸಂಸ್ಥೆ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್, ಅಂದರೆ ಎಚ್‌ಸಿಪಿಸಿ. ಕೆಲಸವನ್ನು ಸುರಕ್ಷಿತವಾಗಿ, ಪರಿಣಾಮಕಾರಿಯಾಗಿ ಮಾಡಲು ಬೇಕಾದ ಕೌಶಲ, ಜ್ಞಾನ, ನಡತೆ, ಆರೋಗ್ಯ, ಈ ನಾಲ್ಕನ್ನೂ ಅದು ವೃತ್ತಿಯೋಗ್ಯತೆ ಎಂದು ಒಟ್ಟಾಗಿ ನೋಡುತ್ತದೆ. ವಿದ್ಯಾರ್ಥಿಗಳು ಎಚ್‌ಸಿಪಿಸಿಯಲ್ಲಿ ನೋಂದಣಿಯಾಗಿರುವುದಿಲ್ಲ. ಹಾಗಾಗಿ ಅವರ ವಿಚಾರವನ್ನು ವಿಶ್ವವಿದ್ಯಾಲಯವೇ ತನ್ನ ಸಮಿತಿಯ ಮೂಲಕ ತೀರ್ಮಾನಿಸುತ್ತದೆ. ಓದು ಮುಗಿಸಿ ನೋಂದಣಿಗೆ ಅರ್ಜಿ ಹಾಕುವಾಗ ನಡತೆ, ಆರೋಗ್ಯದ ಬಗ್ಗೆ ಅವರೇ ಘೋಷಣೆ ಕೊಡಬೇಕು. ನಮ್ಮ ಹುಡುಗರು ಬಹಳ ಜನ ಅಲ್ಲಿಗೆ ಓದಲು, ಕೆಲಸಕ್ಕೆ ಹೋಗುತ್ತಿರುವುದರಿಂದ ಈ ವ್ಯವಸ್ಥೆ ಅವರಿಗೂ ಗೊತ್ತಿದ್ದರೆ ಒಳ್ಳೆಯದು.

ನಮ್ಮಲ್ಲಿ 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ಫಿಸಿಯೋಥೆರಪಿಯನ್ನೂ ಒಳಗೊಂಡಿದೆ. ನೋಂದಣಿ, ವೃತ್ತಿ ನಡತೆಗಳ ಹೊಣೆಯನ್ನು ಆಯೋಗಕ್ಕೂ ರಾಜ್ಯ ಮಂಡಳಿಗಳಿಗೂ ಅದು ಕೊಟ್ಟಿದೆ. ಆದರೆ ವಾರ್ಡಿನಲ್ಲಿ ನಿಂತ ಮೇಲ್ವಿಚಾರಕರ ಕೈಗೆ ಬರುವುದು ಸಾಮಾನ್ಯವಾಗಿ ಹಾಜರಿ ಪಟ್ಟಿ, ಲಾಗ್‌ಬುಕ್ ಮತ್ತು ಕೊನೆಯಲ್ಲಿ ಸಹಿ ಹಾಕುವ ಒಂದು ಹಾಳೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಪಿಟಿ ವರ್ಷಗಳಿಂದ ನಡೆದು ಬಂದಿರುವುದು ನಾಲ್ಕು ವರ್ಷದ ಓದು, ಆರು ತಿಂಗಳ ಇಂಟರ್ನ್‌ಶಿಪ್ ಎಂಬ ಲೆಕ್ಕದಲ್ಲಿ. ಆ ಆರು ತಿಂಗಳು ಆರ್ಥೋ, ನ್ಯೂರೋ, ಕಾರ್ಡಿಯೋ, ಮಕ್ಕಳ ವಿಭಾಗ, ಸಮುದಾಯ ಎಂದು ಹಂಚಿಹೋಗುತ್ತವೆ. ಒಬ್ಬ ಮೇಲ್ವಿಚಾರಕರ ಕೈಯಲ್ಲಿ ಒಬ್ಬ ಇಂಟರ್ನ್ ಇರುವುದು ಕೆಲವೇ ವಾರ. ಸಮಸ್ಯೆಗಳು ಜಾರಿ ಹೋಗುವುದಕ್ಕೆ ಇದೇ ದೊಡ್ಡ ಕಾರಣ. ಮೊದಲ ವಾರ ‘ಹೊಸಬರು’, ಎರಡನೇ ವಾರ ‘ನೋಡೋಣ’, ಮೂರನೇ ವಾರ ರಜೆ, ನಾಲ್ಕನೇ ವಾರ ‘ಇನ್ನು ಹೋಗ್ತಾರಲ್ಲ, ಬಿಡಿ’. ಮುಂದಿನ ಪೋಸ್ಟಿಂಗ್‌ನಲ್ಲೂ, ಅಂದರೆ ಮುಂದಿನ ವಿಭಾಗದ ಸರದಿಯಲ್ಲೂ, ಇದೇ ನಡೆಯುತ್ತದೆ. ಕೊನೆಗೆ ಯಾರೂ ಏನೂ ಬರೆಯದೆ, ಪದವಿ ಕೈಗೆ ಬರುತ್ತದೆ.

ಒಂದೇ ತಪ್ಪು, ಮೂರು ಬೇರು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ನಮ್ಮ ಎಲ್ಲ ಒಪಿಡಿಗಳಲ್ಲೂ ದಿನವೂ ನಡೆಯುವ ಕೆಲಸ. ಸೊಂಟ ನೋವಿನ ರೋಗಿ, 60 ದಾಟಿದವರು, ಹಳೆಯ ಸಕ್ಕರೆ ಕಾಯಿಲೆ. ಹಾಟ್ ಪ್ಯಾಕ್, ಅಂದರೆ ಶಾಖ ಕೊಡುವ ಬಿಸಿ ಚೀಲ, ಇಡಬೇಕು.

ಪ್ಯಾಕ್ ಕಾಯಿಸುವ ಹೈಡ್ರೋಕಲೇಟರ್ ತೊಟ್ಟಿಯ ನೀರು ಸುಮಾರು 70ರಿಂದ 75 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದರಿಂದ ತೆಗೆದ ಪ್ಯಾಕ್ ನೇರ ಚರ್ಮಕ್ಕೆ ತಾಗಿದರೆ ಸುಡುವುದು ಖಚಿತ. ಆದ್ದರಿಂದ ಮೊದಲು ಚರ್ಮ ನೋಡಬೇಕು. ಬಿಸಿನೀರು, ತಣ್ಣೀರು ತುಂಬಿದ ಎರಡು ಟೆಸ್ಟ್ ಟ್ಯೂಬ್ ಹಿಡಿದು, ರೋಗಿಯ ಕಣ್ಣು ಮುಚ್ಚಿಸಿ, ಪ್ಯಾಕ್ ಇಡುವ ಜಾಗದಲ್ಲೇ ಯಾವುದು ಬಿಸಿ, ಯಾವುದು ತಂಪು ಎಂದು ಕೇಳಬೇಕು. ಒಂದೇ ಕ್ರಮದಲ್ಲಿ ಮುಟ್ಟಿಸಿದರೆ ರೋಗಿ ಊಹಿಸಿ ಹೇಳುತ್ತಾರೆ, ಕ್ರಮ ತಪ್ಪಿಸಿ ಮುಟ್ಟಿಸಬೇಕು. ಒಣ ಟವೆಲಿನ ಆರರಿಂದ ಎಂಟು ಪದರ ಸುತ್ತಬೇಕು. ಹಿಂದಿನ ರೋಗಿಗೆ ಬಳಸಿ ಒದ್ದೆಯಾದ ಟವೆಲಾದರೆ ಶಾಖ ಬೇಗ ಹಾಯುತ್ತದೆ, ಪದರ ಎಷ್ಟಿದ್ದರೂ ಸಾಲದು. ಪ್ಯಾಕಿನ ಮೇಲೆ ರೋಗಿಯನ್ನು ಮಲಗಿಸಬಾರದು, ದೇಹದ ಭಾರಕ್ಕೆ ಟವೆಲ್ ಅದುಮಿಹೋಗುತ್ತದೆ, ರಕ್ತ ಸಂಚಾರವೂ ಕಡಿಮೆಯಾಗುತ್ತದೆ. ಐದು ನಿಮಿಷಕ್ಕೆ ಪ್ಯಾಕ್ ಎತ್ತಿ ಚರ್ಮ ನೋಡಬೇಕು. ‘ಹಿತವಾಗಿ ಬೆಚ್ಚಗಿರಬೇಕು, ಚುರುಗುಟ್ಟಿದರೆ ತಕ್ಷಣ ಕೂಗಿ’ ಎಂದು ರೋಗಿಗೆ ಹೇಳಿರಬೇಕು, ಕೂಗಿದರೆ ಕೇಳುವಷ್ಟು ಹತ್ತಿರವೂ ಇರಬೇಕು.

ಇಂಟರ್ನ್ ಟೆಸ್ಟ್ ಟ್ಯೂಬ್ ಪರೀಕ್ಷೆ ಮಾಡದೆ ಪ್ಯಾಕ್ ಇಟ್ಟರು ಅಂದುಕೊಳ್ಳಿ. ಸುಡಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಇಲ್ಲಿಂದ ಮುಂದೆ ನೀವು ಕೇಳುವ ಪ್ರಶ್ನೆಯಲ್ಲೇ ಎಲ್ಲ ಇದೆ. ಯಾಕೆ ಮಾಡಲಿಲ್ಲ?

ಸಕ್ಕರೆ ಕಾಯಿಲೆಯಲ್ಲಿ ಸ್ಪರ್ಶ ಕಡಿಮೆಯಾಗುತ್ತದೆ ಎಂಬುದೇ ಅವರಿಗೆ ಹೊಳೆದಿರಲಿಲ್ಲ ಎಂದಾದರೆ ಅದು ಜ್ಞಾನದ ಕೊರತೆ. ಕೂರಿಸಿ ಹೇಳಿಕೊಟ್ಟರೆ ಮುಗಿಯಿತು. ಗೊತ್ತಿತ್ತು, ಹೊರಗೆ 12 ಜನ ಕಾಯುತ್ತಿದ್ದರು, ಹಿರಿಯರೊಬ್ಬರು ‘ಬೇಗ ಬೇಗ’ ಎಂದರು, ಕೈಬಿಟ್ಟರು ಎಂದಾದರೆ ಅದು ಒತ್ತಡ. ಅದರಲ್ಲಿ ಅರ್ಧ ಪಾಲು ವಿಭಾಗದ್ದೇ. ಪರೀಕ್ಷೆ ಮಾಡದೆ ‘ಸ್ಪರ್ಶಜ್ಞಾನ ಸರಿಯಿದೆ’ ಎಂದು ಕೇಸ್ ಶೀಟಿನಲ್ಲಿ ಬರೆದಿದ್ದರೆ ಅದು ಪ್ರಾಮಾಣಿಕತೆಯ ಪ್ರಶ್ನೆ. ಮೂರರಲ್ಲಿ ಅತಿ ಗಂಭೀರವಾದದ್ದು ಇದೇ. ಮುಂದಿನ ದಿನ ಬರುವ ಥೆರಪಿಸ್ಟ್ ಆ ಬರಹವನ್ನು ನಂಬಿ ಪ್ಯಾಕ್ ಇಡುತ್ತಾರೆ. ಗಾಯವಾದ ಮೇಲೆ ಮಾತ್ರ ಎಚ್ಚರಗೊಳ್ಳುವವರಿಗೆ ಈ ಮೂರೂ ಒಂದೇ ಥರ ಕಾಣುತ್ತವೆ. ಬೇರು ನೋಡುವವರಿಗೆ ಮೂರಕ್ಕೂ ಮೂರು ದಾರಿ.

ಬೇರು ಪತ್ತೆ ಮಾಡುವ ಬಗೆ

ಲಕವಾ ಹೊಡೆದ, ಬಲಗಡೆ ಬಲಹೀನವಾದ ರೋಗಿಯನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವ ಕೆಲಸ ಇದಕ್ಕೆ ಒಳ್ಳೆಯ ಅವಕಾಶ. ಇದರಲ್ಲಿ ಹೆಜ್ಜೆಗಳು ಸ್ಪಷ್ಟ. ಕುರ್ಚಿ ಗಟ್ಟಿಯಿರುವ ಎಡಗಡೆ, ಹಾಸಿಗೆಗೆ 30ರಿಂದ 45 ಡಿಗ್ರಿ ಓರೆಯಾಗಿ ಬರಬೇಕು. ಎರಡೂ ಬ್ರೇಕ್, ಕಾಲುಹಲಗೆ ಮೇಲಕ್ಕೆ. ಮೂತ್ರದ ಕ್ಯಾಥೆಟರ್ ಚೀಲ, ಡ್ರಿಪ್ ಎಲ್ಲಿದೆ ಎಂದು ನೋಡಬೇಕು. ಅಂಚಿನಲ್ಲಿ ಕೂರಿಸಿ ಸ್ವಲ್ಪ ಹೊತ್ತು ಬಿಟ್ಟು ತಲೆ ಸುತ್ತುತ್ತದೆಯೇ ಎಂದು ಕೇಳಬೇಕು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಅಥವಾ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿತ. ಪಾದ ಪೂರ್ತಿ ನೆಲಕ್ಕೆ, ಮಂಡಿಗಿಂತ ತುಸು ಹಿಂದೆ. ಬಲಮಂಡಿ ಕುಸಿಯದಂತೆ ನಮ್ಮ ಮಂಡಿಯ ಆಸರೆ. ಹಿಡಿತ ರೋಗಿಗೆ ಕಟ್ಟಿದ ಬೆಲ್ಟಿನಲ್ಲಿ ಅಥವಾ ಸೊಂಟದಲ್ಲಿ, ಬಲಗೈ ಹಿಡಿದು ಎಳೆಯುವಂತೆಯೇ ಇಲ್ಲ. ಆ ಭುಜದ ಕೀಲು ಮೊದಲೇ ಸಡಿಲ, ಒಂದು ಎಳೆತಕ್ಕೆ ತಿಂಗಳುಗಟ್ಟಲೆ ನೋವು.

ಮೂರು ಸಲ, ಆದಷ್ಟೂ ಬೇರೆ ಬೇರೆ ದಿನ, ಮೊದಲಿಂದ ಕೊನೆಯವರೆಗೆ ಬಾಯಿ ಹಾಕದೆ ನೋಡಿ. ಅಪಾಯ ಕಂಡರೆ ಮಾತ್ರ ಕೈ ಹಾಕಿ. ಯಾವ ಹೆಜ್ಜೆ ತಪ್ಪುತ್ತದೆ, ಅದೇ ತಪ್ಪುತ್ತದೆಯೋ ಬೇರೆ ಬೇರೆಯೋ ಎಂಬುದನ್ನು ಬರೆದುಕೊಳ್ಳಿ. ಆಮೇಲೆ ಸಂಜೆ ವಾರ್ಡು ತಣ್ಣಗಾದ ಮೇಲೆ, ಖಾಲಿ ಹಾಸಿಗೆಯಲ್ಲಿ ಸಹಪಾಠಿಯನ್ನು ಮಲಗಿಸಿ ಅದೇ ಕೆಲಸ ಮಾಡಿಸಿ. ಅಲ್ಲೂ ತಪ್ಪಿದರೆ ಕಲಿತಿಲ್ಲ. ಅಲ್ಲಿ ಸರಿಯಾಗಿ ಮಾಡಿ ರೋಗಿಯ ಮುಂದೆ ತಪ್ಪಿದರೆ ಗಾಬರಿ, ಅಥವಾ ಒಟ್ಟಿಗೆ ಹತ್ತು ವಿಷಯ ಗಮನಿಸಲು ಆಗುತ್ತಿಲ್ಲ. ಬಾಯಲ್ಲಿ ಎಲ್ಲ ಹೇಳಿ ಕೈಯಲ್ಲಿ ಬಾರದಿದ್ದರೆ ಅಭ್ಯಾಸ ಸಾಲದು. ನೀವು ಎದುರಿಗಿದ್ದಾಗ ಎಲ್ಲ ಸರಿ, ತಿರುಗಿದ ಕೂಡಲೇ ಬ್ರೇಕ್ ಹಾಕದೆ ಎತ್ತುತ್ತಾರೆ ಎಂದಾದರೆ ಅದು ನಡತೆಗೆ ಸೇರಿದ ವಿಷಯ.

ಬೇರು ವಿದ್ಯಾರ್ಥಿಯಲ್ಲೇ ಇರಬೇಕೆಂದೇನೂ ಇಲ್ಲ. ಬೆಂಗಳೂರು, ಮಂಗಳೂರಿನ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ನೇಪಾಳದಿಂದ ಮಕ್ಕಳು ಬರುತ್ತಾರೆ. ರೋಗಿ ‘ಕಾಲು ಜೋಮು ಹಿಡಿದಂಗೆ ಆಗತ್ತೆ, ಒಂದೊಂದು ಸಲ ಛಳಕು ಹೊಡೆಯತ್ತೆ’ ಎನ್ನುತ್ತಾರೆ. ಇಂಟರ್ನ್ ತಲೆ ಆಡಿಸಿ ‘ಕಾಲು ನೋವು’ ಎಂದಷ್ಟೇ ಬರೆಯುತ್ತಾರೆ. ನರದ ನೋವಿನ ಸುಳಿವೇ ಕೈತಪ್ಪಿತು. ಸೊಂಟ ನೋವಿನ ಜೊತೆ ಕೂರುವ ಜಾಗ ಮರಗಟ್ಟಿದೆ, ಮೂತ್ರ ಕಟ್ಟಿದೆ ಎಂದು ರೋಗಿ ಹೇಳಿದ್ದು ಅರ್ಥವಾಗದಿದ್ದರೆ ಅದು ತುರ್ತು ಶಸ್ತ್ರಚಿಕಿತ್ಸೆಯ ಹೊತ್ತು ಮೀರಿಸುವ ತಪ್ಪಾಗಬಹುದು. ಆದರೆ ಇದನ್ನು ‘ಸಂವಹನ ಕೌಶಲ ಇಲ್ಲ’ ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಅನ್ಯಾಯ. ನೋವಿನ ಬಗೆ, ಅಪಾಯದ ಸೂಚನೆ, ಒಪ್ಪಿಗೆ ಕೇಳುವ ಮಾತು, ಇಷ್ಟನ್ನು ಕನ್ನಡದಲ್ಲಿ, ನಿಮ್ಮ ಊರಿನ ರೋಗಿಗಳು ಆಡುವ ತುಳು, ಉರ್ದು ಮಾತಿನಲ್ಲಿ ಒಂದು ಹಾಳೆಗೆ ಬರೆದು ಮೊದಲ ದಿನವೇ ಕೊಡಿ. ಎರಡು ವಾರ ಕಳೆದರೂ ಅದನ್ನು ಕಲಿಯುವ ಪ್ರಯತ್ನ ಕಾಣದಿದ್ದರೆ, ಆಗ ಆ ವಿಷಯ ಎತ್ತಿ.

ಇನ್ನೊಂದು. ಹುಡುಗಿಯೊಬ್ಬಳು ಒಂದು ನಿರ್ದಿಷ್ಟ ವಾರ್ಡಿಗೆ ಮಾತ್ರ ಹೋಗಲು ಹಿಂಜರಿಯುತ್ತಿದ್ದರೆ ‘ಆಸಕ್ತಿ ಇಲ್ಲ’ ಎಂದು ಬರೆಯುವ ಮೊದಲು ಅಲ್ಲಿ ಯಾರಾದರೂ ತೊಂದರೆ ಕೊಡುತ್ತಿದ್ದಾರೆಯೇ ಎಂದು ಒಬ್ಬಳೇ ಇದ್ದಾಗ ಕೇಳಿ. ರೋಗಿಯ ಕಡೆಯವರಿರಬಹುದು, ಸಿಬ್ಬಂದಿಯೇ ಇರಬಹುದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಇರುವ ಆಂತರಿಕ ಸಮಿತಿಗೆ ದೂರು ಕೊಡುವ ದಾರಿಯನ್ನು ಅವಳಿಗೆ ತಿಳಿಸುವುದು ನಿಮ್ಮ ಕೆಲಸ. ಅದನ್ನು ಬಿಟ್ಟು ಅವಳ ಹಾಜರಿ ಲೆಕ್ಕ ಹಾಕುತ್ತ ಕೂತರೆ ನಾವೇ ಆ ತೊಂದರೆಯ ಪಾಲುದಾರರಾಗುತ್ತೇವೆ.

ಮೊದಲೇ ಕಾಣುವ ಸೂಚನೆಗಳು

ಅನುಭವಸ್ಥ ಮೇಲ್ವಿಚಾರಕರ ಕಣ್ಣಿಗೆ ಬೀಳುವ ಕೆಲವು ಸಂಗತಿಗಳಿವೆ. ನಿನ್ನೆಯ ನೋಟ್ಸೇ ಇವತ್ತೂ, ನೋವಿನ ಅಂಕಿ ನಾಲ್ಕು ದಿನ ಒಂದೇ. ಹೊಸ ರೋಗಿ ಬಂದ ಕೂಡಲೇ ವಿದ್ಯಾರ್ಥಿ ಸ್ಟೋರಿನಲ್ಲೋ ಶೌಚಾಲಯದಲ್ಲೋ ಇರುವುದು. ತಿದ್ದಿದಾಗ ‘ಹೂಂ ಮೇಡಂ’ ಎನ್ನುವುದು, ಆದರೆ ಏನು ತಿದ್ದಿದಿರಿ ಎಂದು ಕೇಳಿದರೆ ಹೇಳಲಾಗದಿರುವುದು. ಗೊತ್ತಿಲ್ಲ ಎನ್ನದೆ ಏನೋ ಒಂದು ಹೇಳಿಬಿಡುವುದು. ಚುರುಕಾಗಿದ್ದವರು ಎರಡು ವಾರದಲ್ಲಿ ಸೊರಗುವುದು, ತಡವಾಗಿ ಬರುವುದು, ಊಟಕ್ಕೆ ಒಬ್ಬರೇ ಹೋಗುವುದು. ಪರದೆ ಎಳೆಯದೆ ರೋಗಿಯ ಬಟ್ಟೆ ಸರಿಸುವುದು, ಮುಟ್ಟುವ ಮೊದಲು ಕೇಳದಿರುವುದು.

ಒಂದು ಸೂಚನೆಯಿಂದ ತೀರ್ಮಾನಕ್ಕೆ ಬರಬಾರದು. ಅದೇ ಸೂಚನೆ ಮೂರು ಕಡೆ ಕಂಡರೆ ಕಾಯಬಾರದು. ನಾಚಿಕೆ ಸ್ವಭಾವದವರನ್ನು ದಡ್ಡರೆಂದೂ, ಲವಲವಿಕೆಯಿಂದ ಮಾತಾಡುವವರನ್ನು ಬಲ್ಲವರೆಂದೂ ತಿಳಿಯುವ ಅಪಾಯ ನಮ್ಮೆಲ್ಲರಿಗೂ ಇದೆ. ಆದ್ದರಿಂದ ಅನುಮಾನ ಬಂದಾಗ ಇನ್ನೊಬ್ಬ ಸಹೋದ್ಯೋಗಿಗೆ ನಿಮ್ಮ ಅಭಿಪ್ರಾಯ ಮೊದಲು ಹೇಳದೆ ಒಂದೆರಡು ಸೆಷನ್ ನೋಡಲು ಹೇಳಿ.

ಬ್ಯಾಚಿನ ಜಾಣರಿಗೆ ಹೋಲಿಸಿ ಅಂಕ ಹಾಕುವುದು ಇನ್ನೊಂದು ತಪ್ಪು. ಆಸ್ಟ್ರೇಲಿಯಾದಲ್ಲಿ ಬಳಸುವ ‘ಅಸೆಸ್‌ಮೆಂಟ್ ಆಫ್ ಫಿಸಿಯೋಥೆರಪಿ ಪ್ರ್ಯಾಕ್ಟೀಸ್’ ಎಂಬ ಮೌಲ್ಯಮಾಪನ ಪಟ್ಟಿಯಲ್ಲಿ 20 ಅಂಶಗಳಿವೆ, ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. ಅಲ್ಲಿನ ಅಳತೆಗೋಲು ಹೊಸದಾಗಿ ವೃತ್ತಿಗೆ ಕಾಲಿಡುವ ಫಿಸಿಯೋ ಎಷ್ಟರ ಮಟ್ಟಿಗೆ ಇರಬೇಕು ಎಂಬುದು. ನಮ್ಮ ವಿಭಾಗಕ್ಕೆ ಹೊಂದುವ ಹತ್ತು ಹನ್ನೆರಡು ಅಂಶಗಳ ಪಟ್ಟಿ ನಾವೂ ಮಾಡಿಕೊಳ್ಳಬಹುದು. ಅದನ್ನು ಮೊದಲ ದಿನ ವಿದ್ಯಾರ್ಥಿಯ ಕೈಗೆ ಕೊಟ್ಟಿರಬೇಕು ಅಷ್ಟೇ. ಗೊತ್ತಿಲ್ಲದ ನಿಯಮಕ್ಕೆ ಯಾರನ್ನೂ ಫೇಲ್ ಮಾಡಲಾಗದು.

ಹೇಳುವ ಮಾತು, ಬರೆಯುವ ಮಾತು

ಮಾತುಕತೆಗೆ 20 ನಿಮಿಷ ಸಾಕು, ಬಾಗಿಲು ಹಾಕಿದ ಕೋಣೆ ಬೇಕು. ರೋಗಿಯ ಮುಂದೆ, ಸಹಪಾಠಿಗಳ ಮುಂದೆ ಬೈದದ್ದು ಫೀಡ್‌ಬ್ಯಾಕ್ ಅಲ್ಲ, ಅವಮಾನ. ಅವಮಾನವಾದ ಮೇಲೆ ಆ ಹುಡುಗ ತಪ್ಪು ಮುಚ್ಚಿಡುವುದನ್ನು ಕಲಿಯುತ್ತಾನೆ, ರೋಗಿಗೆ ಅದಕ್ಕಿಂತ ಅಪಾಯ ಬೇರೆ ಇಲ್ಲ.

ಶುರು ಮಾಡುವಾಗ ಕಂಡದ್ದನ್ನು ಮಾತ್ರ ಹೇಳಿ. ‘ಬೆಳಿಗ್ಗೆ ಐದನೇ ಬೆಡ್ಡಿನ ಅಜ್ಜನನ್ನು ಎಬ್ಬಿಸುವಾಗ ಕುರ್ಚಿಯ ಬ್ರೇಕ್ ಹಾಕಿರಲಿಲ್ಲ, ನಾನು ಬಂದು ಹಾಕಿದೆ. ಆ ಹೊತ್ತಿಗೆ ಏನಾಗಿತ್ತು, ನೀವೇ ಹೇಳಿ.’ ಇಷ್ಟು ಹೇಳಿ ಸುಮ್ಮನಾಗಿ. ಉತ್ತರ ಬರಲು ಸಮಯ ಬೇಕು. ನಾವು ಬಹಳ ಜನ ಎರಡು ಸೆಕೆಂಡಿಗೇ ಬಾಯಿ ಹಾಕಿ ಉಪದೇಶ ಶುರು ಮಾಡುತ್ತೇವೆ, ಬೇರು ಅಲ್ಲೇ ಹೂತುಹೋಗುತ್ತದೆ. ಅವರು ಹೇಳಿದ್ದು ಕೇಳಿದ ಮೇಲೆ ಪರಿಣಾಮ ಹೇಳಿ: ಕುರ್ಚಿ ಹಿಂದೆ ಸರಿದಿದ್ದರೆ ಅಜ್ಜ ನೆಲಕ್ಕೆ ಬೀಳುತ್ತಿದ್ದರು, ಈಗಾಗಲೇ ಒಂದು ತೊಡೆ ಮೂಳೆ ಮುರಿದಿದೆ. ಕೊನೆಗೆ ಇದು ಎಷ್ಟು ಗಂಭೀರ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ‘ಇದು ಹೀಗೇ ಮುಂದುವರಿದರೆ ಈ ಪೋಸ್ಟಿಂಗ್ ಪಾಸ್ ಆಗುವುದಿಲ್ಲ’ ಎಂಬ ಮಾತು ಕಠಿಣ ಅನ್ನಿಸಬಹುದು. ಆದರೆ ‘ಸ್ವಲ್ಪ ಇಂಪ್ರೂವ್ ಮಾಡ್ಕೊಳ್ಳಿ’ ಎಂದು ಕೇಳಿಸಿಕೊಂಡ ವಿದ್ಯಾರ್ಥಿಗೆ ತಾನು ಫೇಲ್ ಅಂಚಿನಲ್ಲಿದ್ದೇನೆ ಎಂದು ತಿಳಿಯುವುದೇ ಇಲ್ಲ. ಕೊನೆಯ ದಿನ ಆಘಾತವಾಗುತ್ತದೆ, ದೂರು ಬರುತ್ತದೆ, ದೂರು ಕೊಟ್ಟವರದೇ ಸರಿ ಇರುತ್ತದೆ.

ಇನ್ನು ಬರೆಯುವುದು. ‘ಅಜಾಗರೂಕ. ಆಸಕ್ತಿ ಇಲ್ಲ. ಧೋರಣೆ ಸರಿಯಿಲ್ಲ.’ ಇಂಥ ಷರಾ ಯಾವ ಸಮಿತಿಯ ಮುಂದೆಯೂ ನಿಲ್ಲುವುದಿಲ್ಲ, ವಿದ್ಯಾರ್ಥಿಗೂ ಏನು ತಿದ್ದಿಕೊಳ್ಳಬೇಕೆಂದು ಹೇಳುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: ‘ಮಂಗಳವಾರ ಬೆಳಿಗ್ಗೆ 10.40, ಆರ್ಥೋ ವಾರ್ಡ್. ಹಾಸಿಗೆಯಿಂದ ಗಾಲಿಕುರ್ಚಿಗೆ ವರ್ಗಾವಣೆ. ಎರಡೂ ಬ್ರೇಕ್ ಹಾಕಿರಲಿಲ್ಲ, ನಾನು ತಡೆದೆ. ಹಿಂದಿನ ಶುಕ್ರವಾರವೂ ಇದೇ ಕಂಡಿತ್ತು, ಅಂದೇ ಹೇಳಲಾಗಿತ್ತು. ವಿದ್ಯಾರ್ಥಿಯ ಮಾತು: ರೋಗಿ ಅವಸರ ಮಾಡಿದರು, ಮರೆತೆ. ಒಪ್ಪಿದ ಕ್ರಮ: ಮುಂದಿನ ಐದು ವರ್ಗಾವಣೆಗಳಲ್ಲಿ ಎತ್ತುವ ಮೊದಲು ಬ್ರೇಕ್, ಕಾಲುಹಲಗೆ, ಚೀಲ ಎಂದು ಗಟ್ಟಿಯಾಗಿ ಹೇಳಿ ಪರೀಕ್ಷಿಸುವುದು. ಮರುನೋಟ: ಶುಕ್ರವಾರ.’ ಕೆಳಗೆ ಇಬ್ಬರ ಸಹಿ. ವಿದ್ಯಾರ್ಥಿ ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದು ಅವರೇ ಬರೆದು ಸಹಿ ಹಾಕಲಿ. ರೋಗಿಯ ಹೆಸರು ಅದರಲ್ಲಿ ಬೇಡ. ಈ ವಿಷಯ ವಿಭಾಗದ ವಾಟ್ಸಾಪ್ ಗುಂಪಿಗೆ ಹೋಗಲೇಬಾರದು. ಒಬ್ಬ ವಿದ್ಯಾರ್ಥಿಯ ತಪ್ಪು 40 ಜನರ ಫೋನಿನಲ್ಲಿ ಓಡಾಡಿದ ಮೇಲೆ ಅವರಿಗೆ ಚೇತರಿಸಿಕೊಳ್ಳುವ ದಾರಿಯೇ ಉಳಿಯುವುದಿಲ್ಲ.

ಸುಧಾರಣೆಯ ಯೋಜನೆ

ಯೋಜನೆಯಲ್ಲಿ ಎರಡು, ಹೆಚ್ಚೆಂದರೆ ಮೂರು ಗುರಿ. ಏಳೆಂಟು ಬರೆದರೆ ಯಾವುದೂ ಆಗುವುದಿಲ್ಲ. ಪ್ರತಿ ಗುರಿಯೂ ಕಣ್ಣಿಗೆ ಕಾಣುವಂಥದ್ದಾಗಿರಬೇಕು. ‘ಆತ್ಮವಿಶ್ವಾಸ ಹೆಚ್ಚಿಸಿಕೊಳ್ಳುವುದು’ ಗುರಿಯಲ್ಲ. ‘ಹೊಸ ಮಂಡಿ ನೋವಿನ ರೋಗಿಯ ಇತಿಹಾಸ ಮತ್ತು ಪರೀಕ್ಷೆಯನ್ನು 40 ನಿಮಿಷದಲ್ಲಿ, ಅಪಾಯದ ಸೂಚನೆಗಳನ್ನು ಕೇಳಿ, ಮುಗಿಸುವುದು, ಸತತ ಮೂರು ರೋಗಿಗಳಲ್ಲಿ’ ಎಂಬುದು ಗುರಿ. ಯಾರು ನೋಡುತ್ತಾರೆ, ಯಾವ ದಿನ, ಏನು ಸಹಾಯ ಕೊಡುತ್ತೇವೆ ಎಂಬುದೂ ಅದರಲ್ಲಿರಬೇಕು. ಸಹಾಯದ ಭಾಗ ಖಾಲಿ ಇರುವ ಯೋಜನೆ ಬರೀ ಎಚ್ಚರಿಕೆ ಪತ್ರ.

ಗಾಬರಿಯಿಂದ ತಪ್ಪುವವರಿಗೆ ರೋಗಿಗಳ ಸಂಖ್ಯೆ ಇಳಿಸಿ. ಮೂರು ದಿನ ಒಬ್ಬರೇ ರೋಗಿ, ಪೂರ್ತಿ ಸಮಯ. ಸರಿಯಾದ ಮೇಲೆ ಇಬ್ಬರು. ಹೀಗೆ ಏರಿಸುವಾಗ ಎಲ್ಲಿ ಕುಸಿಯುತ್ತಾರೆ ಎಂಬುದು ಸಿಕ್ಕುತ್ತದೆ. ಕೈ ಕೆಲಸ ಬಾರದವರಿಗೆ ದಿನಕ್ಕೆ ಅರ್ಧ ಗಂಟೆ ಖಾಲಿ ಹಾಸಿಗೆ ಅಭ್ಯಾಸ. ವಿಚಾರ ಮಾಡುವುದು ಬಾರದವರಿಗೆ, ಅಂದರೆ ಪರೀಕ್ಷೆಯೆಲ್ಲ ಮಾಡಿ ‘ಹಾಗಾದರೆ ಏನು?’ ಎಂಬಲ್ಲಿ ನಿಲ್ಲುವವರಿಗೆ, ಚಿಕಿತ್ಸೆ ಶುರು ಮಾಡುವ ಮೊದಲು ಮೂರು ವಾಕ್ಯ ಹೇಳಿಸಿ: ಏನಿರಬಹುದು, ಯಾಕೆ ಹಾಗೆ ಅನ್ನಿಸಿತು, ಏನು ಕಂಡರೆ ಅಭಿಪ್ರಾಯ ಬದಲಿಸುತ್ತೀರಿ. ಇದು ನಿಧಾನ. ಒಪಿಡಿ ದಟ್ಟಣೆಯಲ್ಲಿ ಸಿಟ್ಟು ಬರಿಸುವಷ್ಟು ನಿಧಾನ. ಆದರೂ ಮೂರನೇ ವಾಕ್ಯ ಹೇಳಲು ಕಲಿತವರು ಒಬ್ಬರೇ ಇದ್ದಾಗಲೂ ಅಪಾಯ ಗುರುತಿಸುತ್ತಾರೆ, ಅದಕ್ಕೇ ಇದರ ಮೇಲೆ ಸಮಯ ಹಾಕಬೇಕು ಎನ್ನುತ್ತೇವೆ.

ನಾಲ್ಕು ವಾರದ ಪೋಸ್ಟಿಂಗ್ ಆದರೆ ಹತ್ತನೇ ಕೆಲಸದ ದಿನದೊಳಗೆ ಮೊದಲ ಬರಹದ ಎಚ್ಚರಿಕೆ, ಕಾಲೇಜಿನ ಕ್ಲಿನಿಕಲ್ ಸಂಯೋಜಕರಿಗೆ ಪ್ರತಿ. ಅದಕ್ಕಿಂತ ತಡವಾದರೆ ಸುಧಾರಿಸಲು ದಿನ ಉಳಿಯುವುದಿಲ್ಲ.

ಕಾಯಬಾರದ ಸಂದರ್ಭಗಳು

ಕೆಲವು ಘಟನೆಗಳಿಗೆ ಯೋಜನೆ, ಮರುನೋಟ ಎಂದೆಲ್ಲ ಇಲ್ಲ. ಕುಡಿದು ಬಂದಿದ್ದರೆ, ರೋಗಿಯೊಂದಿಗೆ ಲೈಂಗಿಕವಾಗಿ ಅನುಚಿತವಾಗಿ ನಡೆದುಕೊಂಡಿದ್ದರೆ, ರೋಗಿಯ ಫೋಟೊ ತೆಗೆದು ಹಂಚಿದ್ದರೆ, ಮಾಡದ ಚಿಕಿತ್ಸೆಯನ್ನು ಮಾಡಿದ್ದಾಗಿ ಬರೆದಿದ್ದರೆ, ಬೀಳುವ ಅಪಾಯವಿರುವ ರೋಗಿಯನ್ನು ನಿಲ್ಲಿಸಿ ಬಿಟ್ಟು ಹೋಗಿದ್ದರೆ, ಆ ಗಂಟೆಯೇ ರೋಗಿಗಳ ಸಂಪರ್ಕದಿಂದ ಹೊರಗಿಡಬೇಕು. ಮೊದಲು ರೋಗಿಯನ್ನು ನೋಡಿ, ವೈದ್ಯರಿಗೆ, ವಾರ್ಡ್ ನರ್ಸಿಗೆ ಹೇಳಿ, ಆಸ್ಪತ್ರೆಯ ಘಟನಾ ವರದಿ ತುಂಬಿ. ಆಮೇಲೆ ವಿದ್ಯಾರ್ಥಿಯಿಂದ ಅವರದೇ ಮಾತಿನಲ್ಲಿ ಬರೆಸಿಕೊಳ್ಳಿ. ಬೈಯುವುದು, ವಿಚಾರಣೆ ನಡೆಸುವುದು ನಿಮ್ಮ ಕೆಲಸವಲ್ಲ. ಅದೇ ದಿನ ಕಾಲೇಜಿಗೆ ಬರಹದಲ್ಲಿ ತಿಳಿಸಿ. ವಿದ್ಯಾರ್ಥಿಯನ್ನು ಒಬ್ಬರೇ ಹಾಸ್ಟೆಲಿಗೆ ಕಳಿಸಬೇಡಿ. ಅಂಥ ಹೊತ್ತಿನಲ್ಲಿ ಅವರ ಮನಸ್ಸು ಯಾವ ಕಡೆಗೂ ಹೋಗಬಹುದು.

ಆರೋಗ್ಯದ ತೊಂದರೆ ಇದ್ದಾಗ

ಮೇಲ್ವಿಚಾರಕರು ವಿದ್ಯಾರ್ಥಿಯ ಚಿಕಿತ್ಸಕರಲ್ಲ. ಮಂಡಿ ನೋವಿದೆ ಎಂದರೂ ನೀವೇ ಟೇಬಲ್ ಮೇಲೆ ಮಲಗಿಸಿ ಪರೀಕ್ಷಿಸಲು ಹೋಗಬೇಡಿ, ಮೌಲ್ಯಮಾಪನ ಮಾಡುವವರೂ ಚಿಕಿತ್ಸೆ ಕೊಡುವವರೂ ಒಬ್ಬರೇ ಆಗಬಾರದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಮಾನಸಿಕ ಅನಾರೋಗ್ಯ, ಓದುಬರಹದ ನಿರ್ದಿಷ್ಟ ಕಲಿಕಾ ತೊಂದರೆಗಳೂ ಅದರಲ್ಲಿವೆ. ಸೂಕ್ತ ಅನುಕೂಲ ಮಾಡಿಕೊಡುವುದು ಸಂಸ್ಥೆಯ ಹೊಣೆ. ಕಿವಿ ಮಂದವಿರುವವರಿಗೆ ಧ್ವನಿ ಹಿಗ್ಗಿಸುವ ಸ್ಟೆತಸ್ಕೋಪ್, ಬರಹ ನಿಧಾನವಿರುವವರಿಗೆ ಅಚ್ಚು ಮಾಡಿದ ಕೇಸ್ ಶೀಟ್ ಮಾದರಿ ಮತ್ತು ಹೆಚ್ಚು ಸಮಯ, ಮೂರ್ಛೆ ರೋಗವಿರುವವರಿಗೆ ಒಬ್ಬರೇ ರೋಗಿಯನ್ನು ಎತ್ತುವ ಕೆಲಸ ಬೇಡ, ರಾತ್ರಿ ಪಾಳಿ ಬೇಡ, ಗರ್ಭಿಣಿಯರಿಗೆ ಶಾರ್ಟ್‌ವೇವ್ ಡಯಾಥರ್ಮಿ (ವಿದ್ಯುತ್ಕಾಂತ ಅಲೆಗಳಿಂದ ಶಾಖ ಕೊಡುವ ಯಂತ್ರ) ಕೋಣೆಯ ಕೆಲಸ ಬೇಡ. ಇದರಿಂದ ಕೆಲಸ ಮಾಡುವ ರೀತಿ ಬದಲಾಗುತ್ತದೆ, ರೋಗಿಯ ಸುರಕ್ಷತೆಯ ಮಟ್ಟ ಬದಲಾಗುವುದಿಲ್ಲ. ಕಾಯಿಲೆಯ ಹೆಸರು ವಾರ್ಡಿನವರಿಗೆ ತಿಳಿಯಬೇಕಾಗಿಲ್ಲ, ಮಾಡಿದ ಏರ್ಪಾಡು ತಿಳಿದರೆ ಸಾಕು.

ಮನಸ್ಸು ಕುಗ್ಗಿದವರನ್ನು ನೇರವಾಗಿ ಕೇಳಿ. ‘ಬದುಕೇ ಬೇಡ ಅನ್ನಿಸಿದೆಯಾ?’ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಜೊತೆಗಿರಿ, ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಬೇಡಿ, ತುರ್ತು ವಿಭಾಗ ಅಥವಾ ಮನೋವೈದ್ಯರ ಬಳಿಗೆ ನೀವೇ ಕರೆದೊಯ್ಯಿರಿ. ತುರ್ತಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡಬಹುದು, ದಿನದ 24 ಗಂಟೆಯೂ. ಈ ಸಂಖ್ಯೆ ಇಂಟರ್ನ್‌ಗಳ ಕೋಣೆಯ ಗೋಡೆಯ ಮೇಲೆ ಮೊದಲ ದಿನದಿಂದಲೇ ಇರಲಿ.

ಫೇಲ್ ಮಾಡುವುದು

‘ಪಾಪ, ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದ್ದಾರೆ.’ ‘ಇನ್ನೊಂದೇ ತಿಂಗಳು.’ ‘ನಾನೊಬ್ಬ ಯಾಕೆ ಕೆಟ್ಟವನಾಗಲಿ?’ ಈ ಮಾತುಗಳ ಹಿಂದಿರುವ ಕರುಣೆ ನಿಜವಾದದ್ದೇ. ಅದು ನಾಲ್ಕು ವಾರದ ಮೊದಲೇ ಕೆಲಸಕ್ಕೆ ಬರಬೇಕಿತ್ತು, ಆಗ ಅದರಿಂದ ಉಪಯೋಗವಿತ್ತು. ಕೊನೆಯ ದಿನ ಬಂದ ಕರುಣೆಯ ಬೆಲೆ ಕಟ್ಟುವವರು ಮುಂದೆ ಆ ಹುಡುಗನ ಕ್ಲಿನಿಕ್ಕಿಗೆ ಬರುವ ರೋಗಿಗಳು.

ವೃತ್ತಿಗೆ ಯೋಗ್ಯರೋ ಅಲ್ಲವೋ ಎಂಬ ತೀರ್ಪು ಮೇಲ್ವಿಚಾರಕರದಲ್ಲ. ನಿಮ್ಮ ಕೆಲಸ ಸಾಕ್ಷ್ಯ ಕೊಡುವುದು. ತೀರ್ಮಾನ ಕಾಲೇಜಿನ ಸಮಿತಿಯದು, ಅದರಲ್ಲಿ ನೀವು ಇರಬಾರದು. ವಿದ್ಯಾರ್ಥಿಗೆ ಎಲ್ಲ ಬರಹ ತೋರಿಸಬೇಕು, ಉತ್ತರ ಕೊಡಲು ಸಮಯ ಕೊಡಬೇಕು, ಜೊತೆಗೊಬ್ಬರನ್ನು ಕರೆತರಲು ಬಿಡಬೇಕು. ಪೋಸ್ಟಿಂಗ್ ಮರಳಿ ಮಾಡುವುದು, ಇಂಟರ್ನ್‌ಶಿಪ್ ವಿಸ್ತರಣೆ, ಆರೋಗ್ಯಕ್ಕಾಗಿ ವಿರಾಮ, ಅಪರೂಪಕ್ಕೆ ಕೋರ್ಸಿನಿಂದ ಹೊರಬರುವ ಸಲಹೆ, ಹೀಗೆ ಹಲವು ದಾರಿಗಳಿವೆ. ಅಲ್ಲಿಯವರೆಗೆ ನಿಮ್ಮ ಬರಹ ಸ್ಪಷ್ಟವಾಗಿದ್ದರೆ ಸಮಿತಿ ಸರಿಯಾದ ದಾರಿ ಆರಿಸಿಕೊಳ್ಳಬಹುದು.

ಪ್ರಶ್ನೋತ್ತರ

ಮುಂದಿನ ಪೋಸ್ಟಿಂಗ್‌ನ ಮೇಲ್ವಿಚಾರಕರಿಗೆ ಹೇಳಬೇಕೇ, ಹೇಳಿದರೆ ಪೂರ್ವಗ್ರಹ ಹುಟ್ಟುವುದಿಲ್ಲವೇ ಎಂದು ಒಬ್ಬರು ಕೇಳಿದರು. ನಮ್ಮ ಅಭಿಪ್ರಾಯದಲ್ಲಿ ಹೇಳಬೇಕು, ಆದರೆ ಕಾರಿಡಾರಿನಲ್ಲಿ ಅಲ್ಲ. ಸಂಯೋಜಕರ ಮೂಲಕ, ವಿದ್ಯಾರ್ಥಿಗೆ ತಿಳಿಸಿ, ಯೋಜನೆಯ ಹಾಳೆಯನ್ನಷ್ಟೇ ಮುಂದಕ್ಕೆ ಕಳಿಸಬೇಕು: ಯಾವ ಗುರಿ ಮುಟ್ಟಿದರು, ಯಾವುದು ಬಾಕಿ, ಯಾವ ಸಹಾಯ ಕೆಲಸ ಮಾಡಿತು. ಆರೋಗ್ಯದ ವಿವರ, ನಿಮ್ಮ ಅಸಮಾಧಾನ, ಹಳೆಯ ಜಗಳ ಅದರಲ್ಲಿ ಬೇಡ. ಸುಧಾರಿಸಿದ್ದನ್ನು ಬರೆಯುವುದು ಇನ್ನೂ ಮುಖ್ಯ, ಬಹಳ ಜನ ಅದನ್ನೇ ಬಿಡುತ್ತಾರೆ.

ವಿರಾಮ ಮುಗಿಸಿ ಬಂದವರನ್ನು ಮತ್ತೆ ಹೇಗೆ ಶುರು ಮಾಡಿಸುವುದು ಎಂದು ಇನ್ನೊಬ್ಬರು ಕೇಳಿದರು. ಬಿಟ್ಟ ಕಡೆಯಿಂದ ಅಲ್ಲ. ಮೊದಲ ದಿನ ರೋಗಿ ಬೇಡ, ಬರೀ ವಿಭಾಗ, ಉಪಕರಣ, ತುರ್ತು ಕ್ರಮಗಳ ಪರಿಚಯ. ಎರಡು ದಿನ ನಿಮ್ಮೊಂದಿಗೆ ನೋಡುವುದು, ಮೂರನೇ ದಿನದಿಂದ ನಿಮ್ಮೆದುರು ಒಬ್ಬ ರೋಗಿ. ಸಾಧ್ಯವಾದರೆ ಹಿಂದೆ ತೊಡಕಾಗಿದ್ದ ಮೇಲ್ವಿಚಾರಕರಿಗಿಂತ ಬೇರೆಯವರು ನೋಡಿಕೊಳ್ಳಲಿ. ಯಾರ ಹತ್ತಿರ, ಯಾವ ಹೊತ್ತಿನಲ್ಲಿ ‘ನನಗೆ ಆಗ್ತಾ ಇಲ್ಲ’ ಎಂದು ಹೇಳಬಹುದು ಎಂಬುದನ್ನು ಹೆಸರು, ಫೋನ್ ನಂಬರ್ ಸಮೇತ ಆ ಮೊದಲ ದಿನವೇ ಬರೆದು ಕೊಡಿ.